ಸತ್ತ ಎಂಟು ವರ್ಷಕ್ಕೆ ತಯಾರಾದ ಬಂದೂಕು

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದೆ. ಡ್ರಿಲ್ ಮಾಡಲು ಕೈಗೆ ಕೊಟ್ಟಿದ್ದು ಹಳೇ ತ್ರೀ ನಾಟ್ ತ್ರೀ ರೈಫಲ್. ಗುಂಡು ಹಾರದಂತೆ ಮಾಡಿಟ್ಟ ಡಿಪಿ ರೈಫಲ್ ಅದು. ಮೂರನೇ ದಿನ ಹವಾಲ್ದಾರ್ ಸಾಹೇಬರು ನಮ್ಮನ್ನು ನೆರಳಿಗೆ ಕೂರಿಸಿ, ಬೋಲ್ಟಿನ ಹಿಡಿಯ ಕೆಳಗಿರುವ ಲೋಹದ ಭಾಗವನ್ನು ಬಟ್ಟೆಯಿಂದ ಒರೆಸಿ ಓದಿ ಅಂದರು. ಒಂದು ಕಿರೀಟ, ಅದರ ಕೆಳಗೆ ಜಿಆರ್‌ಐ ಅನ್ನೋ ಮೂರಕ್ಷರ, ಇಶಾಪುರ್ ಅನ್ನೋ ಹೆಸರು, ಒಂದು ಇಸವಿ. ಚಕ್ರವರ್ತಿ ಜಾರ್ಜ್‌ನ ಕಾಲದಲ್ಲಿ ಬಂಗಾಳದ ಕಾರ್ಖಾನೆಯಲ್ಲಿ ಹುಟ್ಟಿದ ರೈಫಲ್ ಅದು. ಪಕ್ಕದವನ ರೈಫಲ್ ಮೇಲೆ ಕಿರೀಟ ಇರಲಿಲ್ಲ, ಅಶೋಕನ ಸಿಂಹಗಳಿದ್ದವು. ಅದೇ ಕಾರ್ಖಾನೆ, ಹೆಚ್ಚುಕಮ್ಮಿ ಅದೇ ಬಂದೂಕು. ನಡುವೆ ಒಂದು ದೇಶ ಹುಟ್ಟಿತ್ತು.

ಬಂದೂಕಿಗೂ ಜಾತಕ ಇರುತ್ತೆ, ಅದನ್ನು ಅದರ ಮೈಮೇಲೇ ಕೊರೆದಿರುತ್ತಾರೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಆಮೇಲೆ ಇಂಜಿನಿಯರಿಂಗ್ ಬಿಟ್ಟು ಬರೆಯೋ ಕೆಲಸಕ್ಕೆ ಬಂದೆ. ಈ ಕೆಲಸದಲ್ಲಿ ವರ್ಷಕ್ಕೊಮ್ಮೆಯಾದರೂ ತಪ್ಪಿಸಿಕೊಳ್ಳಲಾಗದ ವಿಷಯ ಒಂದಿದೆ: ಟಿಪ್ಪು ಸುಲ್ತಾನ್. ಜಯಂತಿ ಮಾಡಬೇಕಾ ಬೇಡವಾ, ಪಠ್ಯದಲ್ಲಿ ಇರಬೇಕಾ ಬೇಡವಾ, ಹುತಾತ್ಮನಾ ಮತಾಂಧನಾ. ಈ ಜಗಳಗಳನ್ನು ವರದಿ ಮಾಡಿ ಮಾಡಿ ಸಾಕಾದ ಮೇಲೆ, ಈ ಮನುಷ್ಯನನ್ನು ಅವನ ಬಂದೂಕುಗಳ ಮೂಲಕ ಓದಿದರೆ ಹೇಗೆ ಅನ್ನಿಸ್ತು. ಇವತ್ತು ಆ ಪ್ರಯತ್ನ.

ಮೊದಲಿಗೆ ಒಂದು ಒಗಟು. ಯಾರೋ ನಿಮ್ಮ ಕೈಗೆ ಟಿಪ್ಪುವಿನ ಖಾಸಗಿ ಶಸ್ತ್ರಾಗಾರದ್ದು ಅಂತ ಒಂದು ಬಂದೂಕು ಕೊಟ್ಟರು ಅಂದುಕೊಳ್ಳಿ. ನಳಿಗೆಯ ಮೇಲೆ ಪರ್ಶಿಯನ್ ಲಿಪಿಯಲ್ಲಿ 1222 ಅಂತ ಇಸವಿ ಇದೆ. ಮುಸ್ಲಿಂ ದೊರೆಯ ಬಂದೂಕು, ಹಾಗಾಗಿ ಇದು ಹಿಜರಿ ಶಕೆಯೇ ಇರಬೇಕು ಅಂತ ಲೆಕ್ಕ ಹಾಕ್ತೀರಿ. ಹಿಜರಿ 1222 ಅಂದರೆ ಕ್ರಿಸ್ತಶಕ 1807. ಟಿಪ್ಪು ಸತ್ತಿದ್ದು 1799ರಲ್ಲಿ. ಸತ್ತ ಎಂಟು ವರ್ಷದ ಮೇಲೆ ಅವನಿಗಾಗಿ ಬಂದೂಕು ತಯಾರಾಯ್ತಾ? ಖೋಟಾ ಮಾಲು ಅಂತ ನೀವು ಎಸೆದುಬಿಡಬಹುದು. ಆದರೆ ತಪ್ಪು ಬಂದೂಕಿನದ್ದಲ್ಲ, ನಾವು ಹಿಡಿದ ಪಂಚಾಂಗದ್ದು. ಆ ಪಂಚಾಂಗದ ಹತ್ತಿರ ಹೋಗೋಕೆ ಅವನ ಬದುಕಿನ ಶುರುವಿನಿಂದಲೇ ಬರಬೇಕು.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ಆಸುಪಾಸಿನಲ್ಲಿ. ಇವತ್ತು ನಾವು ವಿಮಾನ ಹತ್ತೋಕೆ ಹೋಗುವ ದಾರಿಯ ಊರು. ಅಪ್ಪ ಹೈದರ್ ಅಲಿ ಆಗಿನ್ನೂ ನವಾಬನಲ್ಲ, ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೆ ಬರುತ್ತಿದ್ದ ಒಬ್ಬ ಸೈನಿಕ. ದೇವನಹಳ್ಳಿಯ ಮುತ್ತಿಗೆಯಲ್ಲೇ ಅವನು ಮೇಲಿನವರ ಕಣ್ಣಿಗೆ ಬಿದ್ದಿದ್ದು. ತಾಯಿ ಫಾತಿಮಾ ಫಕ್ರುನ್ನಿಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅನ್ನೋ ಸೂಫಿ ಸಂತನ ಹೆಸರನ್ನು ಮಗುವಿಗೆ ಇಟ್ಟರು. ಹುಡುಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ, ಅಂದರೆ 1761ರಲ್ಲಿ, ಮೈಸೂರಿನ ಅಧಿಕಾರ ಪೂರ್ತಿ ಹೈದರನ ಕೈಗೆ ಬಂದಿತ್ತು. ಸಿಂಹಾಸನದ ಮೇಲೆ ಒಡೆಯರು ಹೆಸರಿಗೆ ಇದ್ದರು, ಆಡಳಿತ ಹೈದರನದ್ದು.

ಹದಿಹರೆಯದಲ್ಲೇ ಟಿಪ್ಪು ಯುದ್ಧಕ್ಕೆ ಇಳಿದ. 1767ರಲ್ಲಿ ಶುರುವಾದ ಮೊದಲ ಮೈಸೂರು ಯುದ್ಧದಲ್ಲಿ ಕುದುರೆ ದಳ ತಗೊಂಡು ಮದ್ರಾಸಿನ ಅಂಚಿನವರೆಗೂ ಹೋಗಿದ್ದ. ಎರಡನೇ ಯುದ್ಧದಲ್ಲಿ, 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮೈಸೂರು ಸೈನ್ಯ ಪುಡಿ ಮಾಡಿತು. ಕಂಪನಿಗೆ ಭಾರತದಲ್ಲಿ ಅಲ್ಲಿಯವರೆಗೆ ಅಂಥ ಸೋಲು ಆಗಿರಲಿಲ್ಲ. ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಅನ್ನೋ ಯುವ ಅಧಿಕಾರಿಯೂ ಇದ್ದ. ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷ ಕಳೆದ. ಹೆಸರು ನೆನಪಿಟ್ಟುಕೊಳ್ಳಿ, ಈ ಕಥೆಯ ಕೊನೆಗೆ ಅವನು ಮತ್ತೆ ಬರ್ತಾನೆ.

ಆ ಕಾಲದ ಭಾರತದ ಸೈನ್ಯಗಳಲ್ಲಿ ಹೆಚ್ಚಿನವರ ಕೈಯಲ್ಲಿದ್ದಿದ್ದು ಬತ್ತಿ ಹಚ್ಚಿ ಹಾರಿಸುವ ಬಂದೂಕು. ಮಳೆ ಬಂದರೆ ಬತ್ತಿ ಆರುತ್ತೆ, ರಾತ್ರಿ ಅದರ ಕಿಡಿ ಶತ್ರುವಿಗೆ ಕಾಣುತ್ತೆ. ಯುರೋಪಿನವರ ಹತ್ತಿರ ಚಕಮಕಿ ಕಲ್ಲಿನ ಬಂದೂಕು ಇತ್ತು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತೆ, ಮದ್ದು ಹೊತ್ತಿಕೊಳ್ಳುತ್ತೆ. ಅಪ್ಪ ಮಗ ಇಬ್ಬರಿಗೂ ಒಂದು ವಿಷಯ ಸ್ಪಷ್ಟವಾಗಿತ್ತು: ಇದನ್ನು ಕೊಂಡುಕೊಂಡು ಬದುಕೋಕೆ ಆಗಲ್ಲ, ಇಲ್ಲೇ ಮಾಡಬೇಕು.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಅಧಿಕಾರಕ್ಕೆ ಬಂದ. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದದೊಂದಿಗೆ ಯುದ್ಧ ನಿಂತಿತು. ಅಲ್ಲಿಂದ ಶುರುವಾಯ್ತು ನೋಡಿ, ಹೆಸರು ಬದಲಾಯಿಸುವ ಕೆಲಸ. ಮೈಸೂರು ನಜರ್‌ಬಾರ್ ಆಯ್ತು, ಚಿತ್ರದುರ್ಗ ಫರುಕ್‌ಯಾಬ್ ಹಿಸಾರ್ ಆಯ್ತು. ನಾಣ್ಯಗಳಿಗೆ ಹೊಸ ಹೆಸರು, ಅಳತೆ ತೂಕಕ್ಕೆ ಹೊಸ ಹೆಸರು. ಕೊನೆಗೆ ಕಾಲಕ್ಕೂ ಹೊಸ ಹೆಸರು. ಮೈಸೂರಿನ ನಜರ್‌ಬಾದ್ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುವವರು ಆ ಹುಚ್ಚಿನ ಒಂದು ಚೂರನ್ನು ಇವತ್ತಿಗೂ ಬಾಯಲ್ಲಿ ಹೇಳ್ತಾರೆ.

ಹೊಸ ಶಕೆಗೆ ಮೌಲೂದಿ ಅಂತ ಹೆಸರು. ಹಿಜರಿ ಶುರುವಾಗೋದು ಪ್ರವಾದಿ ಮದೀನಾಕ್ಕೆ ಹೊರಟ 622ರಿಂದ. ಮೌಲೂದಿಯನ್ನು ಎಣಿಸಿದ್ದು ಪ್ರವಾದಿಯ ಹುಟ್ಟಿನಿಂದ. ಇಲ್ಲಿಯವರೆಗೆ ಇದು ಪೂರ್ತಿ ಇಸ್ಲಾಮಿಕ್ ಅನ್ನಿಸುತ್ತೆ, ಅಲ್ವಾ? ಆದರೆ ಆ ಶಕೆಯ ವರ್ಷ ಓಡಿದ್ದು ಹೇಗೆ ಅನ್ನೋದು ನೋಡಿ. ಹಿಜರಿ ಶುದ್ಧ ಚಾಂದ್ರಮಾನ, ವರ್ಷಕ್ಕೆ ಹನ್ನೊಂದು ದಿನ ಕಮ್ಮಿ, ಹಾಗಾಗಿ ರಂಜಾನ್ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ ಬರುತ್ತೆ. ಕಂದಾಯ ವಸೂಲಿ ಮಾಡುವ ಸರ್ಕಾರಕ್ಕೆ ಇದು ತಲೆನೋವು, ಬೆಳೆ ಬರೋದು ಸೂರ್ಯನ ಲೆಕ್ಕದಲ್ಲಿ. ಟಿಪ್ಪು ಹಿಡಿದಿದ್ದು ಈ ನೆಲದ ಪಂಚಾಂಗವನ್ನೇ. ಚೈತ್ರದಿಂದ ಶುರುವಾಗುವ ತಿಂಗಳುಗಳು, ಹೊಂದಿಸೋಕೆ ಅಧಿಕಮಾಸ, ಪ್ರಭವ ವಿಭವ ಅಂತ ನಾವು ಎಣಿಸುವ ಅರವತ್ತು ಸಂವತ್ಸರಗಳ ಚಕ್ರ. ಚೈತ್ರಕ್ಕೆ ಅಹಮದಿ ಅಂತ ಹೆಸರಿಟ್ಟ, ಅರವತ್ತು ಸಂವತ್ಸರಗಳಿಗೂ ಅಕ್ಷರಗಳ ಸಂಖ್ಯಾಮೌಲ್ಯ ಕೂಡಿಸಿ ಹೊಸ ಹೆಸರು ಕೊಟ್ಟ. ಎಣಿಕೆ ಪ್ರವಾದಿಯದ್ದು, ವರ್ಷದ ಮೊದಲ ದಿನ ಯುಗಾದಿ.

ಲೆಕ್ಕ ಇಷ್ಟಪಡುವವರಿಗೆ ಒಂದು ಮಾತು. ಹುಟ್ಟಿಗೂ ಹಿಜರಿಗೂ ನಡುವೆ ಸುಮಾರು ಐವತ್ತು ವರ್ಷ. ಆದರೂ ಟಿಪ್ಪುವಿನ ಕಾಲದಲ್ಲಿ ಮೌಲೂದಿ ಇಸವಿ ಹಿಜರಿಗಿಂತ ಹದಿನಾಲ್ಕರಷ್ಟೇ ಮುಂದಿತ್ತು. ಯಾಕೆ ಅಂದರೆ ಚಿಕ್ಕ ಚಿಕ್ಕ ಹೆಜ್ಜೆ ಹಾಕುವ ಹಿಜರಿ, 1200 ವರ್ಷಗಳಲ್ಲಿ ಮೂವತ್ತೈದು ಹೆಜ್ಜೆ ಹೆಚ್ಚು ಹಾಕಿಬಿಟ್ಟಿತ್ತು. ಹಿಜರಿ ಇಸವಿಯನ್ನು ಕ್ರಿಸ್ತಶಕಕ್ಕೆ ತಿರುಗಿಸೋಕೆ ಕೋಷ್ಟಕ ಬೇಕು. ಮೌಲೂದಿ ನಮ್ಮ ವರ್ಷದಷ್ಟೇ ಉದ್ದ, ಹಾಗಾಗಿ 572 ಕೂಡಿಸಿದರೆ ಸಾಕು. 1215 ಅಂದರೆ 1787. ಒಗಟಿನ 1222 ಅಂದರೆ 1794. ಬಂದೂಕು ಅಸಲಿ ಇರಬಹುದು, ಟಿಪ್ಪು ಆಗ ಬದುಕೇ ಇದ್ದ.

ಅವನ ನಾಣ್ಯಗಳಲ್ಲಿ ಈ ಬದಲಾವಣೆ ಕಣ್ಣಿಗೆ ಹೊಡೆಯುತ್ತೆ. ಶುರುವಿನವು ಹಿಜರಿ 1197, 1198. ಆಮೇಲೆ 1200ರ ಆಸುಪಾಸಿನಿಂದ ಇಸವಿ ಒಂದೇ ನೆಗೆತಕ್ಕೆ 1215ಕ್ಕೆ ಹಾರುತ್ತೆ. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯೋಕೆ ಶುರು ಮಾಡಿಸಿದ. ಲಿಪಿ ಬಲದಿಂದ ಎಡಕ್ಕೆ ಓಡುವಾಗ ಅಂಕಿ ಮಾತ್ರ ಯಾಕೆ ಎಡದಿಂದ ಬಲಕ್ಕೆ ಅನ್ನೋ ತರ್ಕ ಇರಬೇಕು. ಗೊತ್ತಿಲ್ಲದವರು ಓದಿದರೆ 1216 ಅನ್ನೋದು 6121 ಆಗುತ್ತೆ. ಹಾಗಾಗಿ ಅವನ ಕಾಲದ ವಸ್ತುವಿಗೆ ಇಸವಿ ಹೇಳಬೇಕಾದರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ಶಕೆ? ಯಾವ ದಿಕ್ಕು?

ಈಗ ಬಂದೂಕಿಗೆ ವಾಪಸ್ ಬರೋಣ. ಟಿಪ್ಪುವಿನ ಖಾಸಗಿ ಬಂದೂಕುಗಳನ್ನು ಜೀವಮಾನವಿಡೀ ಕೂಡಿಹಾಕಿ ಅಭ್ಯಾಸ ಮಾಡಿದವನು ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್. 1992ರಲ್ಲಿ ಅವುಗಳ ಬಗ್ಗೆ ದೊಡ್ಡ ಪುಸ್ತಕ ತಂದ, 2005ರಲ್ಲಿ ಆ ಸಂಗ್ರಹ ಲಂಡನ್ನಿನಲ್ಲಿ ಹರಾಜಾಯಿತು. ಈ ಬಂದೂಕುಗಳ ಗುರುತುಗಳು ಹೀಗಿರುತ್ತವೆ. ಲೋಹದ ಮೇಲೆ ಬಬ್ರಿ, ಅಂದರೆ ಹುಲಿಪಟ್ಟೆ. ಕಲ್ಲು ಕಚ್ಚಿ ಹಿಡಿಯುವ ಕುದುರೆಯೇ ಎಷ್ಟೋ ಸಲ ಹುಲಿಯ ಆಕಾರದಲ್ಲಿ. ನಳಿಗೆಯ ಬುಡದಲ್ಲಿ ಹೈದರ್ ಅನ್ನೋ ಅಕ್ಷರಗಳನ್ನು ಹೆಣೆದ ಚಿಕ್ಕ ಮುದ್ರೆ. ಚಿನ್ನ ಬೆಳ್ಳಿಯಲ್ಲಿ ಕೆತ್ತಿದ ಪರ್ಶಿಯನ್ ಬರಹ. ಜೊತೆಗೆ ಮಾಡಿದ ಊರು, ಪಟ್ಟಣ ಅಂತ. ಶ್ರೀರಂಗಪಟ್ಟಣವನ್ನು ಮಂಡ್ಯ ಕಡೆಯವರು ಇವತ್ತಿಗೂ ಪಟ್ಟಣ ಅಂತಲೇ ಅನ್ನೋದು. ಇಸವಿ. ಎಷ್ಟೋ ಬಂದೂಕುಗಳಲ್ಲಿ ಮಾಡಿದ ಕುಶಲಕರ್ಮಿಯ ಹೆಸರು ಕೂಡ.

ಆ ಒಂದೇ ಮುದ್ರೆಯನ್ನು ಎಷ್ಟು ಥರ ಓದಬಹುದು ನೋಡಿ. ಹೈದರ್ ಅಂದರೆ ಸಿಂಹ. ಪ್ರವಾದಿಯ ಅಳಿಯ ಅಲಿಯ ಬಿರುದು ಅದು, ಹಾಗಾಗಿ ಧಾರ್ಮಿಕ ರಕ್ಷೆಯ ಗುರುತು. ಟಿಪ್ಪುವಿನ ಅಪ್ಪನ ಹೆಸರು, ಹಾಗಾಗಿ ಮನೆತನದ ಗುರುತು. ಸರ್ಕಾರಿ ಕಾರ್ಖಾನೆಯ ಮುದ್ರೆ, ಹಾಗಾಗಿ ರಾಜ್ಯದ ಗುರುತು. ಇದರಲ್ಲಿ ಒಂದನ್ನು ಆರಿಸಿಕೊಂಡು ಮಿಕ್ಕಿದ್ದು ಸುಳ್ಳು ಅನ್ನುವ ಹಾಗಿಲ್ಲ. ಮೂರೂ ಒಟ್ಟಿಗೆ ಒತ್ತಿದ ಮುದ್ರೆ ಅದು.

ಕಾರ್ಖಾನೆಗಳು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕೂ ಕಡೆ ಇದ್ದವು. ಕಬ್ಬಿಣ ಉಕ್ಕು ನಮ್ಮದೇ ನೆಲದ್ದು, ಮಾಗಡಿ, ಮಧುಗಿರಿ ಕಡೆಯ ಕುಲುಮೆಗಳನ್ನು ಫ್ರಾನ್ಸಿಸ್ ಬುಕಾನನ್ ಸ್ವಲ್ಪ ವರ್ಷಗಳ ಮೇಲೆ ಕಣ್ಣಾರೆ ನೋಡಿ ಬರೆದ. ಕಮ್ಮಿ ಇದ್ದಿದ್ದು ಕೈ. ಅದಕ್ಕೇ ಟಿಪ್ಪು ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ. 1788ರ ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಅವರು ಹದಿನಾರನೇ ಲೂಯಿಯನ್ನು ಕಂಡರು. ಸೈನಿಕರ ಜೊತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು: ಬಂದೂಕು ಮಾಡುವವರು, ಗಡಿಯಾರದವರು, ಪಿಂಗಾಣಿ ಮಾಡುವವರು. ಒಂದಷ್ಟು ಜನ ಬಂದರು, ಸೈನ್ಯ ಬರಲಿಲ್ಲ. ಮರುವರ್ಷ ಫ್ರಾನ್ಸಿನಲ್ಲೇ ಕ್ರಾಂತಿ ಆಯ್ತು.

ಟೆಕ್ನಾಲಜಿಯ ಹೀರೋ ಅಂತ ಟಿಪ್ಪುವನ್ನು ಹೊಗಳುವ ನಮ್ಮಂಥ ಇಂಜಿನಿಯರುಗಳು ಬುಕಾನನ್ ಬರೆದ ಇನ್ನೊಂದು ಸಂಗತಿಯನ್ನೂ ಓದಬೇಕು. ಶ್ರೀರಂಗಪಟ್ಟಣದಲ್ಲಿ ಒಬ್ಬ ಫ್ರೆಂಚ್ ಕುಶಲಕರ್ಮಿ ಫಿರಂಗಿ ಕೊರೆಯೋಕೆ ನೀರಿನಿಂದ ತಿರುಗುವ ಯಂತ್ರ ಮಾಡಿದ್ದನಂತೆ. ಟಿಪ್ಪು ಆ ನೀರಿನ ಚಕ್ರ ಕಿತ್ತುಹಾಕಿಸಿ ಎತ್ತು ಕಟ್ಟಿಸಿದನಂತೆ. ಬುಕಾನನ್ ಕಂಪನಿಯ ನೌಕರ, ಸೋತ ದೊರೆಯನ್ನು ದಡ್ಡ ಅಂತ ತೋರಿಸೋದು ಅವನ ಕಡೆಯವರಿಗೆ ಅನುಕೂಲ ಅನ್ನೋದನ್ನು ಮರೆಯಬಾರದು. ಹಂಗಂತ ಇಷ್ಟವಿಲ್ಲದ ಸಾಕ್ಷಿಯನ್ನೆಲ್ಲ ಹೊರಗಿಡೋ ಹಾಗೂ ಇಲ್ಲ. ಕಾವೇರಿ ಬೇಸಿಗೆಯಲ್ಲಿ ಸೊರಗುತ್ತೆ, ಎತ್ತು ವರ್ಷಪೂರ್ತಿ ತಿರುಗುತ್ತೆ ಅಂತ ನನ್ನೊಳಗಿನ ಇಂಜಿನಿಯರ್ ಸಮಜಾಯಿಷಿ ಕೊಡ್ತಾನೆ. ಆದರೆ ಅದು ನನ್ನ ಊಹೆ, ನಳಿಗೆಯ ಮೇಲೆ ಬರೆದದ್ದಲ್ಲ.

ಬಂದೂಕಿನ ಮೇಲೆ ಬರೆಯದ ಇನ್ನೊಂದು ವಿಷಯ ಇದೆ: ಅದರ ಮುಂದೆ ನಿಂತವರು ಯಾರು ಅನ್ನೋದು. 1784ರಲ್ಲಿ ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರನ್ನು ಕುಟುಂಬ ಸಮೇತ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಕೊಡಗಿನ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋಗಿ ಜನರನ್ನು ಸೆರೆ ಒಯ್ದ, ಮತಾಂತರ ಮಾಡಿಸಿದ. ಎಷ್ಟು ಜನ ಅನ್ನೋದರಲ್ಲಿ ಜಗಳ ಇದೆ, ನಡೆಯಿತಾ ಅನ್ನೋದರಲ್ಲಿ ಇಲ್ಲ, ಅವನ ಪತ್ರಗಳೇ ಹೇಳುತ್ತವೆ. ಮಲಬಾರಿನಲ್ಲೂ ಇದೇ ಕಥೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜಿಸುವ ಕೊಡವರ ಮನೆಯಲ್ಲಿ ಟಿಪ್ಪುವಿನ ಹೆಸರು ಇವತ್ತಿಗೂ ಯಾಕೆ ಕಹಿ ಅಂತ ಬೆಂಗಳೂರಿನಲ್ಲಿ ಕೂತು ಕೇಳೋದು ಸುಲಭ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ ನರಕ ಚತುರ್ದಶಿಗೆ ಹಬ್ಬ ಮಾಡದ ಮನೆಗಳಿವೆ. ಅಂದು ತಮ್ಮವರನ್ನು ಟಿಪ್ಪು ಕೊಲ್ಲಿಸಿದ ಅನ್ನೋ ನೆನಪನ್ನು ಅವರು ತಲೆಮಾರುಗಳಿಂದ ಹೊತ್ತು ಬಂದಿದ್ದಾರೆ.

ಅದೇ ಮನುಷ್ಯ, 1791ರಲ್ಲಿ ಮರಾಠರ ಕಡೆಯ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಜಗದ್ಗುರುಗಳಿಗೆ ನೊಂದು ಬರೆದು, ಶಾರದೆಯ ವಿಗ್ರಹವನ್ನು ಮತ್ತೆ ಪ್ರತಿಷ್ಠಾಪಿಸೋಕೆ ಹಣ ಕಳಿಸಿದ. ಆ ಕನ್ನಡ ಪತ್ರಗಳನ್ನು ಮಠದಲ್ಲಿ 1916ರಲ್ಲಿ ಪತ್ತೆ ಮಾಡಿದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಅವನ ಖಜಾನೆ ನೋಡಿಕೊಂಡವನು ಪೂರ್ಣಯ್ಯ. ಅರಮನೆಯಿಂದ ಕೂಗಳತೆಯಲ್ಲಿ ರಂಗನಾಥಸ್ವಾಮಿ ದೇವಸ್ಥಾನ. ಇವೂ ಅದೇ ನಳಿಗೆಯ ಮೇಲಿನ ಗುರುತುಗಳೇ.

1792ರಲ್ಲಿ ಮೂರನೇ ಯುದ್ಧ ಸೋತ. ಅರ್ಧ ರಾಜ್ಯ ಹೋಯ್ತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಅದು ತೀರುವ ತನಕ ಇಬ್ಬರು ಚಿಕ್ಕ ಮಕ್ಕಳು ಕಾರ್ನ್‌ವಾಲಿಸ್‌ನ ಒತ್ತೆ. ಹಣ ಕಟ್ಟಿ ತೀರಿಸಿ 1794ರಲ್ಲಿ ಮಕ್ಕಳನ್ನು ವಾಪಸ್ ಪಡೆದಿದ್ದು ತಾನು ಹುಟ್ಟಿದ ದೇವನಹಳ್ಳಿಯಲ್ಲೇ. 1222ರ ಬಂದೂಕನ್ನು ಹಿಜರಿ ಅಂತ ಓದಿದ್ದರೆ ಈ ವರ್ಷವೇ ನಮಗೆ ಕಾಣುತ್ತಿರಲಿಲ್ಲ. ಅರ್ಧ ರಾಜ್ಯ ಕಳೆದುಕೊಂಡು, ಮಕ್ಕಳನ್ನು ಬಿಡಿಸಿಕೊಂಡು, ಮತ್ತೆ ಮತ್ತೆ ಬಂದೂಕು ಮಾಡಿಸುತ್ತಿದ್ದ ಅಪ್ಪನ ವರ್ಷ ಅದು.

1799ರ ಮೇ 4ರ ಮಧ್ಯಾಹ್ನ ಕಂಪನಿ ಸೈನ್ಯ ಕಾವೇರಿ ದಾಟಿ ಕೋಟೆಯ ಒಡಕಿಗೆ ನುಗ್ಗಿತು. ಮುಂದಾಳು ಯಾರು ಗೊತ್ತಾ? ಅದೇ ಡೇವಿಡ್ ಬೇರ್ಡ್, ಈಗ ಮೇಜರ್ ಜನರಲ್. ಸಂಜೆ ಕತ್ತಲಲ್ಲಿ ದೀಪ ಹಿಡಿದು, ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಹುಡುಕಿದರು. ಮರುದಿನ ಅಪ್ಪ ಅಮ್ಮನ ಪಕ್ಕ ಗುಂಬಜ್‌ನಲ್ಲಿ ಮಣ್ಣಾದ. ಕೋಟೆಯಲ್ಲಿ ಸಿಕ್ಕಿದ್ದು 929 ಫಿರಂಗಿ, ಹತ್ತಾರು ಸಾವಿರ ಕೈಬಂದೂಕು. ಹುಲಿ ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಅದರ ಹುಲಿತಲೆ ಇಂಗ್ಲೆಂಡಿನ ರಾಜಮನೆತನದ ಪಾಲಾಯಿತು. ಒಳ್ಳೊಳ್ಳೆ ಬಂದೂಕುಗಳು ಅಧಿಕಾರಿಗಳ ಜೊತೆ ಹಡಗು ಹತ್ತಿದವು. ಲೂಟಿಗೂ ಗುರುತು ಬಿತ್ತು. ಟಿಪ್ಪುವಿನ ಮಲಗುವ ಕೋಣೆಯ ಕತ್ತಿಯ ಮೇಲೆ, ಅದನ್ನು ಬೇರ್ಡ್‌ಗೆ ಕೊಡಲಾಯಿತು ಅಂತ ಇಂಗ್ಲಿಷಿನಲ್ಲಿ ಕೆತ್ತಿಸಿದರು. ಆ ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಗೆದ್ದವರ ಕೆತ್ತನೆ ಕೂಡ ಆ ವಸ್ತುವಿನ ಚರಿತ್ರೆಯೇ, ಆದರೆ ಅದು ಆಮೇಲೆ ಬಿದ್ದ ಗುರುತು ಅನ್ನೋದು ನೆನಪಿರಬೇಕು. ಟಿಪ್ಪುವಿನ ಬಗ್ಗೆ ನಾವು ಎರಡೂ ಕಡೆಯವರು ಕಕ್ಕುವ ಮಾತುಗಳಲ್ಲಿ ಬಹಳಷ್ಟು, ಹೀಗೆ ಆಮೇಲೆ ಕೆತ್ತಿದವು.

ನಮ್ಮ ಹತ್ತಿರ ಏನು ಉಳೀತು? 2017ರಲ್ಲಿ ರೈಲ್ವೆ ಜೋಡಿ ಹಳಿಗಾಗಿ ಶ್ರೀರಂಗಪಟ್ಟಣದ ಟಿಪ್ಪು ಶಸ್ತ್ರಾಗಾರವನ್ನು ಇಡೀ ಕಟ್ಟಡವಾಗಿ ಎತ್ತಿ ನೂರು ಮೀಟರಿಗೂ ಆಚೆ ಇಟ್ಟರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಬಂದವು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ರಾಜನ ಬಂದೂಕಿಗೆ ಚಿನ್ನದ ಅಕ್ಷರ, ಸಿಪಾಯಿಯ ರಾಕೆಟ್‌ಗೆ ಕೆಸರು.

2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಮುಂದೊಂದು ದಿನ ಮತ್ತೆ ಶುರುವಾಗಬಹುದು, ಮತ್ತೆ ನಿಲ್ಲಬಹುದು. ಆ ಜಗಳ ಬಂದಾಗಲೆಲ್ಲ ನನಗೆ ಕ್ಯಾಂಪಿನ ಹವಾಲ್ದಾರ್ ಸಾಹೇಬರ ಇನ್ನೊಂದು ಪಾಠ ನೆನಪಾಗುತ್ತೆ. ರೈಫಲ್‌ಗೆ ನಂಬರ್ ಒಂದು ಕಡೆ ಮಾತ್ರ ಇರಲ್ಲ. ಬಾಡಿ ಮೇಲೆ ಇರುತ್ತೆ, ಬೋಲ್ಟ್ ಹಿಡಿಯ ಮೇಲೂ ಇರುತ್ತೆ. ಎರಡೂ ಒಂದೇ ಆಗಿದ್ದರೆ ಸರಿ. ಬೇರೆ ಬೇರೆ ಇದ್ದರೆ ಯಾರೋ ಎರಡು ರೈಫಲ್ ಬಿಚ್ಚಿ ಒಂದು ಮಾಡಿದ್ದಾರೆ ಅಂತ ಅರ್ಥ. ನೋಡೋಕೆ ಚೆನ್ನಾಗೇ ಇರುತ್ತೆ, ಹಾರಿಸಿದರೆ ಹಿಡಿದವನ ಮುಖಕ್ಕೇ ಸಿಡಿಯಬಹುದು.

ಶೃಂಗೇರಿಯ ಪತ್ರವನ್ನು ಇಟ್ಟುಕೊಂಡು ಕೊಡಗನ್ನು ಬಿಚ್ಚಿಟ್ಟ ಟಿಪ್ಪು, ಕೊಡಗನ್ನು ಇಟ್ಟುಕೊಂಡು ಶೃಂಗೇರಿಯನ್ನು ಬಿಚ್ಚಿಟ್ಟ ಟಿಪ್ಪು, ಎರಡೂ ಅಂಥ ಜೋಡಣೆಯೇ. ಮುಂದಿನ ಸಲ ನಿಮ್ಮ ವಾಟ್ಸಾಪಿಗೆ ಒಬ್ಬ ಟಿಪ್ಪು ಬಂದರೆ, ಫಾರ್ವರ್ಡ್ ಮಾಡುವ ಮುಂಚೆ ನಂಬರ್ ಕೂಡುತ್ತಾ ನೋಡಿ.